ಎರೆಭೂಮಿಗೆ ತಿಪ್ಪೆಯ ಋಣ

ಗೋಕಾಕ ಸೀಮೆಯ ಮಮದಾಪುರದ ಸುತ್ತಣ ಎರೆಹೊಲಗಳನ್ನು ಮಳೆ ಬಿದ್ದ ಮರುದಿನ ಕಂಡವರು, ಇಂತಹ ಕಪ್ಪುಮಣ್ಣಿನಲ್ಲಿ ಬೆಳೆಗೆ ಯಾವುದರ ಕೊರತೆಯಿದ್ದೀತೆಂದು ಬಗೆಯುವುದು ಸಹಜ. ಆದರೂ ಎರೆಯಲ್ಲಿ ಎಳೆಗಬ್ಬು ಒಮ್ಮೊಮ್ಮೆ, ಗರಿಯ ನರಗಳಷ್ಟೇ ಹಸುರಾಗುಳಿದು, ಮಿಕ್ಕುದೆಲ್ಲ ಬಿಳಿಚಿಕೊಂಡು ನಿಲ್ಲುವುದುಂಟು. ಅದು ಕಬ್ಬಿಣದ ಹಸಿವು. ಮಣ್ಣಿನಲ್ಲಿ ಕಬ್ಬಿಣವಿಲ್ಲವೆಂದಲ್ಲ, ಸುಣ್ಣ ಮಿಕ್ಕ ಕ್ಷಾರಭೂಮಿಯಲ್ಲಿ ಅದು ಕೃಪಣನ ಧನದಂತೆ ಹುದುಗಿ, ಬೇರಿಗೆ ದಕ್ಕದು. ಮಣ್ಣಿನ ಪಿಎಚ್ ಒಂದಂಕ ಏರಿದರೆ ಕಬ್ಬಿಣದ ಕರಗುವಿಕೆ ಸಾವಿರ ಪಟ್ಟು, ಸತುವಿನದು ನೂರು ಪಟ್ಟು ಕುಗ್ಗುವುದು.

ಈ ಸೆರೆಯನ್ನು ಸಡಿಲಿಸುವ ದ್ರವ್ಯದ ಚರಿತ್ರೆ 1786ರಲ್ಲಿ ಆರಂಭವಾಗುತ್ತದೆ. ಫ್ರಾಂಜ್ ಕಾರ್ಲ್ ಆಕಾರ್ಡ್ ಎಂಬ ಜರ್ಮನ್ ರಸಾಯನಜ್ಞನು ಜೌಗುನೆಲದ ಸಸ್ಯಗಳು ಕೊಳೆತಾದ ಮಣ್ಣನ್ನು ಕ್ಷಾರದಲ್ಲಿ ನೆನೆಯಿಸಿ, ಇಳಿದು ಬಂದ ಕಗ್ಗಪ್ಪು ರಸಕ್ಕೆ ಆಮ್ಲವನ್ನೆರೆದಾಗ ತಳದಲ್ಲಿ ನಿಂತ ಗಷ್ಟವೇ ಮುಂದೆ ಹ್ಯೂಮಿಕ್ ಆಮ್ಲವೆನಿಸಿತು. ಬೀಟ್ ಗಡ್ಡೆಯಿಂದ ಸಕ್ಕರೆ ತೆಗೆಯುವ ಮೊದಲ ಕಾರ್ಖಾನೆಯನ್ನು ಕಟ್ಟಿದವನೂ ಆತನೇ. ಕಬ್ಬಿನ ನಾಡಿನವರಾದ ನಾವು ಆತನನ್ನು ನೆನೆಯಲು ಇದೂ ಒಂದು ಕಾರಣ. ಅನಂತರ ಕೃಷಿವಿಜ್ಞಾನಿ ಥೇಯರನೇ ಮೊದಲಾದವರು ಗಿಡವು ಹ್ಯೂಮಸ್ಸನ್ನೇ, ಎಂದರೆ ಸಸ್ಯಾದಿಗಳು ಕೊಳೆತುಳಿದ ಕಪ್ಪುದ್ರವ್ಯವನ್ನೇ, ಉಣ್ಣುವುದೆಂದು ಸಾರಿದರು; 1840ರಲ್ಲಿ ರಸಾಯನಜ್ಞ ಲೀಬಿಗ್ ಅದನ್ನು ಖಂಡಿಸಿ, ಸಸ್ಯದ ಆಹಾರ ಖನಿಜಗಳೆಂದನು. ಲೀಬಿಗನ ಮಾತು ಸತ್ಯವೇ. ಆದರೆ ಆ ಖನಿಜವನ್ನು ಬೇರಿನವರೆಗೆ ಒಯ್ಯುವವರಾರೆಂಬ ಪ್ರಶ್ನೆ ಬಹುಕಾಲ ಬದಿಗೆ ಸರಿಯಿತು.

ಲೋಹದ ಕಣವೊಂದನ್ನು ಅಣುವೊಂದು ಎರಡು ಕಡೆಯಿಂದ ಹಿಡಿಯುವ ಬಗೆಗೆ ರಸಾಯನಜ್ಞರಾದ ಮಾರ್ಗನ್ ಮತ್ತು ಡ್ರೂ 1920ರಲ್ಲಿ ‘ಕೀಲೇಟ್’ ಎಂಬ ಹೆಸರನ್ನಿಟ್ಟರು. ಗ್ರೀಕಿನಲ್ಲಿ ಅದು ಏಡಿಯ ಇಕ್ಕುಳಗಾಲು. ಹ್ಯೂಮಸ್ಸಿನ ಕಾರ್ಬಾಕ್ಸಿಲ್, ಫೀನಾಲ್ ಗುಂಪುಗಳು ಇಂತಹ ಇಕ್ಕುಳಗಳೇ; ಲೋಹವನ್ನು ಹಿಡಿದು ಬೇರಿನವರೆಗೆ ಒಯ್ಯುವುವು ಇವೇ. ತಾಮ್ರವನ್ನು ಅವು ಬಿಗಿಯಾಗಿ, ಸತು ಮ್ಯಾಂಗನೀಸುಗಳನ್ನು ಸಡಿಲವಾಗಿ ಹಿಡಿಯುವುವು. ಹಿಡಿತ ಮಿತಿಮೀರಿದರೆ ಕೇಡೂ ಉಂಟು: ಯೂರೋಪಿನಲ್ಲಿ ಹೊಸದಾಗಿ ಸಾಗುವಳಿಗೆ ತಂದ, ಹ್ಯೂಮಸ್ಸು ತುಂಬಿದ ಜೌಗುನೆಲಗಳಲ್ಲಿ ಬೆಳೆಗಳು ತಾಮ್ರವಿಲ್ಲದೆ ಸೊರಗಿದುವು.

ನಮ್ಮ ಎರೆಯ ಕಷ್ಟ ಇದಕ್ಕೆ ವಿಪರೀತ. ಅದರ ಕಪ್ಪು ಹ್ಯೂಮಸ್ಸಿನ ಸಮೃದ್ಧಿಯಲ್ಲ. ಜೇಡಿಗೆ ಅಂಟಿದ ಅತ್ಯಲ್ಪ ಹ್ಯೂಮಸ್ಸೇ ಅಷ್ಟು ಬಣ್ಣವನ್ನು ಕೊಡುವುದು. ಹೊಲಕ್ಕೆ ಸಲ್ಲಬೇಕಾದ ಸೆಗಣಿ ಕುಳ್ಳಾಗಿ ಒಲೆಗೆ ಹೋಗುವುದನ್ನು ಕಂಡು ರಸಾಯನಜ್ಞ ವೋಲ್ಕರ್ ಭಾರತದ ಬೇಸಾಯವನ್ನು ಕುರಿತ 1893ರ ತನ್ನ ವರದಿಯಲ್ಲಿ ಮರುಗಿದ್ದುದು ಇದಕ್ಕಾಗಿಯೇ ಮನಸ್ಸಿಗೆ ತಟ್ಟುತ್ತದೆ. ಆದುದರಿಂದ, ಕಬ್ಬಿಣದಂತೆಯೇ ಸುಣ್ಣಕ್ಕೆ ಸಿಕ್ಕಿಬೀಳುವ ಸತುವಿಗಾಗಿ ಹಾಕುವ ಜಿಂಕ್ ಸಲ್ಫೇಟನ್ನು ಬರಿಯ ಮಣ್ಣಿಗೆ ಎರಚದೆ, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರದೊಡನೆ ಬೆರೆಸಿ, ನೀರು ಚಿಮುಕಿಸಿ, ಕೆಲದಿನ ನೆರಳಿನಲ್ಲಿಟ್ಟು, ಆಮೇಲೆ ಸಾಲಿಗೆ ಹಾಕಿರಿ. ಸುಣ್ಣವು ಸತುವನ್ನು ಮುಟ್ಟುವ ಮುನ್ನವೇ ಇಕ್ಕುಳಗಳು ಅದನ್ನು ಹಿಡಿದುಕೊಂಡಿರುವುವು.