ಹಳೇ ಕಾರಿನ ಮೂತಿ ನೋಡಿ, ಆಮೇಲೆ ಊರಿಗೆ ಹೊರಡಿ

ವಿಮಾನ ನಗರದಿಂದ ಹಬ್ಬಕ್ಕೆ ಊರಿಗೆ ಹೊರಟ ಹಳೇ ಕಾರು ಸತಾರಾ ಮುಟ್ಟೋಕೆ ಮೊದಲೇ ಖಂಬಾಟ್ಕಿ ಘಾಟ್ ದಾಟಬೇಕು. ಅಲ್ಲಿ ಟೆಂಪರೇಚರ್ ಮುಳ್ಳು ಏರಿದ್ರೆ ಎಲ್ಲರೂ ಕೂಲಂಟ್ ನೋಡ್ತಾರೆ. ರೇಡಿಯೇಟರನ್ನ ಹಿಡಿದಿರೋ ಚೌಕಟ್ಟು, ಅದೇ ರೇಡಿಯೇಟರ್ ಸಪೋರ್ಟ್, ಅದನ್ನ ಯಾರೂ ನೋಡಲ್ಲ.

ಹೆಚ್ಚಿನ ಕಾರುಗಳಲ್ಲಿ ಬಾನೆಟ್ ಲಾಕ್ ಕೂತಿರೋದೂ ಇದರ ಮೇಲೇ. ಬಾನೆಟ್ ಎರಡು ಸಲ ಬಡಿದ್ರೇನೇ ಮುಚ್ಚುತ್ತೆ, ಎಡಬಲದ ಸಂದಿ ಒಂದೇ ಸಮ ಇಲ್ಲ, ಒಂದು ಹೆಡ್‌ಲೈಟ್ ಓರೆಯಾಗಿ ಬೀಳುತ್ತೆ ಅಂದ್ರೆ ಅನುಮಾನ ಪಡಿ. ಸೆಕೆಂಡ್ ಹ್ಯಾಂಡ್ ಆದ್ರೆ, ಮುಂದೆ ಗುದ್ದಿದ ಗಾಡಿಗೆ ಬಣ್ಣ ಹೊಡೆಸಿ ಮಾರಿರಬಹುದು. ಬೋಲ್ಟ್ ತಲೆಯ ಬಣ್ಣ ಎದ್ದಿದೆಯಾ ನೋಡಿ.

ತುಕ್ಕು ಜಾಸ್ತಿ ಹಿಡಿಯೋದು ಕೆಳಗಿನ ಅಡ್ಡಪಟ್ಟಿಗೆ. ಮಳೆಗಾಲದ ಕೆಸರೆಲ್ಲ ಅಲ್ಲೇ ಕೂರುತ್ತಲ್ಲ. ಎಂಜಿನ್ ತಣ್ಣಗಿದ್ದಾಗ, ಕೀಲಿ ತೆಗೆದು, ಟಾರ್ಚ್ ಬಿಟ್ಟು ಸ್ಕ್ರೂಡ್ರೈವರಲ್ಲಿ ಮೆಲ್ಲಗೆ ಒತ್ತಿ. ಒಳಗೆ ಇಳಿದ್ರೆ ಬರೀ ಪೇಂಟ್ ಸಾಲದು. ರೇಡಿಯೇಟರನ್ನ ಅಲ್ಲಾಡಿಸಿ: ರಬ್ಬರ್ ಬುಷ್ ಇರೋದ್ರಿಂದ ತುಸು ಆಡುತ್ತೆ, ಅದು ಸರಿ. ಟಕ್ ಅಂತ ಬಡಿದ್ರೆ ಬುಷ್ ಹೋಗಿದೆ. ಒಂದು ಕಡೆ ಕುಸಿದು ಹೋಸ್ ಜಗ್ಗುತ್ತಿದ್ರೆ ಸೋರೋದು ಅಲ್ಲಿಂದಲೇ ಶುರು.

ಬುಷ್ಷಿಗೆ ದೊಡ್ಡ ಖರ್ಚಿಲ್ಲ, ಹಾಕಿಸಿಬಿಡಿ. ಲಾಕ್ ಕೂರೋ ಜಾಗವೇ ತುಕ್ಕು ತಿಂದಿದ್ರೆ ಮಾತ್ರ ಈ ಹಬ್ಬಕ್ಕೆ ಬಸ್ ಹತ್ತಿ. ಹೈವೇ ವೇಗದಲ್ಲಿ ಬಾನೆಟ್ ಎದ್ದು ಗಾಜಿಗೆ ಬಡಿದ್ರೆ ಮುಂದಿನ ರಸ್ತೆ ಕಾಣಲ್ಲ.