ಕೈ ಎತ್ತಾಕ ಬರವಲ್ದು

ಅಕ್ಟೋಬರ್ ಚಾಟ್ನಿ, ಅಂದರೆ ಬಳ್ಳಿ ಸವರುವ ಕೆಲಸ, ಮುಗಿಯುವ ಹೊತ್ತಿಗೆ ವಿಜಯಪುರ ಜಿಲ್ಲೆಯ ತಿಕೋಟಾ, ಬಬಲೇಶ್ವರ ಕಡೆಯ ದ್ರಾಕ್ಷಿ ಪಡಗಳಲ್ಲಿ ಒಂದು ಮಾತು ಕೇಳಿಬರುತ್ತದೆ: "ಕೈ ಮ್ಯಾಲ ಎತ್ತಾಕ ಬರವಲ್ದ್ರಿ." ದಿನವಿಡೀ ತಲೆಯ ಮೇಲಿನ ಬಳ್ಳಿಗೆ ಕತ್ತರಿ ಆಡಿಸಿದ ಭುಜದ ಅಳಲು ಅದು. ಹಗಲು ಹೇಗೋ ಕಳೆಯುತ್ತದೆ. ರಾತ್ರಿ ಆ ಮಗ್ಗುಲಿಗೆ ಹೊರಳಿದರೆ ನಿದ್ದೆ ಹೋಯಿತು. ಹೆಣ್ಣುಮಕ್ಕಳಿಗೆ ಹೆರಳು ಹಾಕಿಕೊಳ್ಳುವುದೂ ಕಷ್ಟ.

ತೋಳಿನ ಎಲುಬಿನ ಗುಂಡನ್ನು ನಾಲ್ಕು ಸ್ನಾಯುಗಳ ತುದಿಗಳು ಅಂಗಿಯ ತೋಳಪಟ್ಟಿಯಂತೆ ಅಪ್ಪಿಕೊಂಡಿವೆ. ಇದೇ ರೊಟೇಟರ್ ಕಫ್. ಇದು ಸವೆಯಬಹುದು, ಹರಿಯಲೂಬಹುದು. ವಯಸ್ಸಾದ ಎಷ್ಟೋ ಜನರಲ್ಲಿ ನೋವೇ ಇಲ್ಲದೆ ಹರಿದಿರುತ್ತದೆ. ಸ್ಕ್ಯಾನ್ ಚೀಟಿಯಲ್ಲಿ "ಹರಿದಿದೆ" ಎಂದು ಓದಿ ಎದೆಗೆಡುವವರಿಗೆ ಈ ಮಾತನ್ನು ಮೊದಲು ಹೇಳಬೇಕು.

ತೋಳು ಸೆಟೆದು ನಿಲ್ಲುವ ಬೇನೆಯನ್ನು ಸುಶ್ರುತ ಸಂಹಿತೆ ಅವಬಾಹುಕ ಎಂದು ಕರೆಯಿತು. ಆಯುರ್ವೇದ ಅದಕ್ಕೆ ಎಣ್ಣೆ, ಶಾಖ, ಮೂಗಿಗೆ ಬಿಡುವ ನಸ್ಯ ಹೇಳಿತು. ರೊಟೇಟರ್ ಕಫ್‌ನ ಸ್ನಾಯುತುದಿಗಳು ಹರಿಯುವುದನ್ನೇ ಬೆನ್ನುಹತ್ತಿದವರು ಬಾಸ್ಟನ್ನಿನ ಶಸ್ತ್ರವೈದ್ಯ ಅರ್ನೆಸ್ಟ್ ಕಾಡ್‌ಮನ್. ಹರಿದದ್ದನ್ನು ಹೊಲಿದ ಮೊದಲಿಗರಲ್ಲಿ ಅವರೂ ಒಬ್ಬರು, 1934ರಲ್ಲಿ ಭುಜದ ಮೇಲೆಯೇ ದೊಡ್ಡ ಗ್ರಂಥ ಬರೆದರು. ಆದರೆ ನನಗೆ ಅವರ ಹೊಲಿಗೆಗಿಂತ ಅವರ ಕಣ್ಣು ದೊಡ್ಡದೆನಿಸುತ್ತದೆ. ಮುಂದಕ್ಕೆ ಬಾಗಿ ಕೈ ಇಳಿಬಿಟ್ಟರೆ, ಸ್ನಾಯುವಿಗೆ ಭಾರ ಬೀಳದೆಯೇ ಭುಜ ಕೈ ಎತ್ತಿದ ಭಂಗಿಗೆ ಬರುತ್ತದೆ ಎಂದು ಅವರು ಕಂಡರು. ಇಂದಿಗೂ ಫಿಜಿಯೋಥೆರಪಿಯ ಕೋಣೆಯಲ್ಲಿ ಅವರ ಹೆಸರಿನ ವ್ಯಾಯಾಮ ನಡೆಯುತ್ತಿದೆ.

ಆಮೇಲೆ ಸೂಜಿ ಬಂತು. 1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನಲ್ಲಿ ಕಾರ್ಟಿಸೋನ್ ಸಂಧಿವಾತದ ರೋಗಿಗಳನ್ನು ಎಬ್ಬಿಸಿ ನಡೆಸಿತು. 1950ರಲ್ಲಿ ಅದಕ್ಕೆ ನೊಬೆಲ್ ಬಂತು. ಅದೇ ಜಾತಿಯ ಔಷಧ ಭುಜದೊಳಗೂ ಇಳಿಯಿತು. ನೋವು ಕೆಲವು ವಾರ ಇಳಿಯುತ್ತದೆ, ನಿಜ. ಆದರೆ ಮೇಲಿಂದ ಮೇಲೆ ಚುಚ್ಚಿಸಿಕೊಂಡರೆ ಸ್ನಾಯುತುದಿಯೇ ಬಲ ಕಳೆದುಕೊಳ್ಳಬಹುದು. "ಒಂದ್ ಸೂಜಿ ಮಾಡಿಬಿಡ್ರಿ" ಎನ್ನುವ ಮುನ್ನ ಇದು ಗೊತ್ತಿರಲಿ.

1972ರಲ್ಲಿ ಎಲುಬಿನ ವೈದ್ಯ ಚಾರ್ಲ್ಸ್ ನೀರ್, ಮೇಲಿನ ಎಲುಬು ಉಜ್ಜಿ ಸ್ನಾಯು ಸವೆಯುತ್ತದೆ ಎಂದರು. ಆ ಎಲುಬನ್ನು ಕೆತ್ತುವ ಶಸ್ತ್ರಚಿಕಿತ್ಸೆ ದೇಶದೇಶಕ್ಕೆ ಹಬ್ಬಿತು. ಬ್ರಿಟನ್ನಿನಲ್ಲಿ 313 ಜನರ ಮೇಲೆ ಅದನ್ನು ಪರೀಕ್ಷಿಸಿದ ಫಲ 2018ರಲ್ಲಿ ಹೊರಬಿತ್ತು: ಎಲುಬು ಕೆತ್ತಿದವರಿಗೂ, ಬರೀ ದುರ್ಬೀನು ಇಳಿಸಿ ನೋಡಿ ಬಿಟ್ಟವರಿಗೂ ಗುಣದಲ್ಲಿ ವ್ಯತ್ಯಾಸವಿರಲಿಲ್ಲ. ಅದಕ್ಕೂ ಮೊದಲು, 2013ರಲ್ಲಿ, ಅಮೆರಿಕದ ವೈದ್ಯರು ಪೆಟ್ಟಿಲ್ಲದೆಯೇ ಸ್ನಾಯುತುದಿ ಪೂರ್ತಿ ಹರಿದಿದ್ದ 452 ಜನರಿಗೆ ವ್ಯಾಯಾಮವನ್ನಷ್ಟೇ ಕೊಟ್ಟು ನೋಡಿದ್ದರು. ಎರಡು ವರ್ಷದಲ್ಲಿ ಶಸ್ತ್ರಚಿಕಿತ್ಸೆಗೆ ಹೋದವರು ಕಾಲುಭಾಗಕ್ಕಿಂತ ಕಡಿಮೆ.

ಇನ್ನು ನಮ್ಮ ಕಡೆಗೆ ಬಂದರೆ, ವಿಜಯಪುರದ ಸೊಲ್ಲಾಪುರ ರಸ್ತೆಯಲ್ಲಿ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜು ಇದೆ, 1986ರಿಂದ. ಎಲುಬಿನ ವೈದ್ಯರು ಊರಲ್ಲೇ ಸಿಗುವುದು ದೊಡ್ಡ ಅನುಕೂಲ. ಆದರೂ ತಿಕೋಟಾದ ಹಳ್ಳಿಯಿಂದ ಒಬ್ಬ ಕೂಲಿ ಹೆಣ್ಣುಮಗಳು ವಾರಕ್ಕೆರಡು ಸಲ ಬಸ್ಸು ಹಿಡಿದು ಬಂದರೆ ಎರಡು ದಿನದ ಪಗಾರ ಹೋಯಿತು. ಅವಳಿಗಾಗಿಯೇ ಬಂದಂತಿದೆ 2021ರ ಇನ್ನೊಂದು ಬ್ರಿಟಿಷ್ ಅಧ್ಯಯನ. 708 ಜನರಲ್ಲಿ ಕೆಲವರು ಆರು ಸಲದವರೆಗೆ ಫಿಜಿಯೋಥೆರಪಿಸ್ಟರನ್ನು ಕಂಡರು, ಕೆಲವರು ಒಂದೇ ಸಲ ಚೆನ್ನಾಗಿ ಕಲಿತು ಮನೆಯಲ್ಲಿ ಮಾಡಿದರು. ವರ್ಷದ ಕೊನೆಗೆ ಎರಡೂ ಗುಂಪುಗಳ ಸ್ಥಿತಿಯಲ್ಲಿ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ.

ಬಿದ್ದು ಪೆಟ್ಟಾಗಿ ಕೈ ತಟ್ಟನೆ ಸೋತರೆ ಮಾತ್ರ ಮನೆಯಲ್ಲಿ ಕೂರಬೇಡಿ. ಹಾಗೆ ಹರಿದದ್ದಕ್ಕೆ ಬೇಗನೆ ಹೊಲಿಗೆ ಬೇಕಾಗಬಹುದು. ಸಕ್ಕರೆ ಕಾಯಿಲೆಯವರ ಭುಜ ಬಿಗಿದುಕೊಳ್ಳುವ ಬೇನೆಯೇ ಬೇರೆ, ಅದನ್ನೂ ವೈದ್ಯರೇ ನೋಡಿ ಹೇಳಬೇಕು.

ಉಳಿದವರು, ಒಮ್ಮೆ ತೋರಿಸಿಕೊಂಡು ಬಂದ ಮೇಲೆ, ಕಟ್ಟೆಗೆ ಒಳ್ಳೆಯ ಕೈ ಊರಿ ಬಾಗಿ. ನೋಯುವ ಕೈಯನ್ನು ಬಾವಿಗೆ ಬಿಟ್ಟ ಹಗ್ಗದಂತೆ ಸಡಿಲ ಬಿಡಿ. ಮೈ ತೂಗಿದಂತೆ ಅದು ತಾನೇ ತೂಗಲಿ. ನೋವು ತಗ್ಗಿದ ಮೇಲೆ ರಬ್ಬರ್ ಪಟ್ಟಿ ಎಳೆಯುವ ವ್ಯಾಯಾಮ. ಮೊದಲ ವಾರ ಏನೂ ಆಗಲಿಲ್ಲವೆಂದು ಬಿಡಬೇಡಿ, ಹನ್ನೆರಡು ವಾರ ಹಿಡಿಯುತ್ತದೆ. ಅಕ್ಟೋಬರ್ ಚಾಟ್ನಿ ಮುಗಿದೊಡನೆ ಶುರುಮಾಡಿದರೆ ಏಪ್ರಿಲ್ ಚಾಟ್ನಿಗೆ ಇನ್ನೂ ಹೊತ್ತಿರುತ್ತದೆ.