ಸೂರು ಕೇಳೋಣ, ಕನ್ನಡದಲ್ಲೇ ಕೇಳೋಣ

ತಾಳವಾಡಿಯ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ,

ಗುಡಿಸಲಲ್ಲಿರೋರು ಪಕ್ಕಾ ಮನೆ ಕಟ್ಟಿಕೊಳ್ಳೋಕೆ ತಮಿಳುನಾಡು ಸರ್ಕಾರ 2024ರಲ್ಲಿ ‘ಕಲೈಞರಿನ್ ಕನವು ಇಲ್ಲಂ’ ಯೋಜನೆ ತಂತು. 360 ಚದರಡಿ ಮನೆಗೆ 3.5 ಲಕ್ಷ ರೂಪಾಯಿ. ಆದರೆ ಕಾಗದಪತ್ರ ಬರೋದು ತಮಿಳಲ್ಲಿ. ಕನ್ನಡ ಮಾತ್ರ ಓದಬಲ್ಲ ನಮ್ಮ ಹಿರಿಯರು ಅದನ್ನ ಹಿಡ್ಕೊಂಡು ಯಾರನ್ನ ಕೇಳಬೇಕು?

ನಾವು ಭಿಕ್ಷೆ ಬೇಡ್ತಿಲ್ಲ. ದೇಶದಲ್ಲೋ ರಾಜ್ಯದಲ್ಲೋ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಅಹವಾಲು ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೇ ವಿಧಿ ಎಲ್ಲರಿಗೂ ಕೊಟ್ಟಿದೆ.

ಆಗಸ್ಟ್ 15, ಅಕ್ಟೋಬರ್ 2ರ ಗ್ರಾಮ ಸಭೆಗೆ ನಾವು ಹೋಗೋಣ. ಫಲಾನುಭವಿಗಳ ಪಟ್ಟಿ ಓದಿಸೋಣ. ಬಿಟ್ಟುಹೋದ ಮನೆಯವರಿಗೆ ಕನ್ನಡದಲ್ಲಿ ಅರ್ಜಿ ಬರೆದುಕೊಟ್ಟು ಸ್ವೀಕೃತಿ ಪಡೆಯೋಣ. ತಮಿಳು ಬಲ್ಲವರು ತಮಿಳು ಪ್ರತಿಯನ್ನೂ ಜೊತೆಗಿಡಿ. ನಮ್ಮ ಜಗಳ ತಮಿಳಿನ ಮೇಲಲ್ಲ, ಸೋರುವ ಸೂರಿನ ಮೇಲೆ.

ನಾವು ಬರ್ತೀವಿ, ನೀವೂ ಬನ್ನಿ.